ನೋಡ್‌ಗಳು ಹೆಚ್ಚಿದರೆ ಸೇವೆ ಭದ್ರವೆ? – ಒಂದು ನಂಬಿಕೆಯ ವಿಮರ್ಶೆ

'ಸರ್ವರ್ ಡೌನ್' ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಪಡಿತರ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪರೀಕ್ಷೆಯ ಫಲಿತಾಂಶ ಬರುವ ದಿನ ಶಾಲೆಯ ಕಚೇರಿಯಲ್ಲಿ ಈ ಮಾತು ಈಗ ಸಾಮಾನ್ಯ. ಇದನ್ನು ಕೇಳಿದೊಡನೆ ದೂರದ ಊರಿನಲ್ಲಿ ಒಂದು ಗಣಕ ಕೆಟ್ಟು ನಿಂತಿರುವ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಈ ಚಿತ್ರ ಬಹುಪಾಲು ತಪ್ಪು. ಇಂದಿನ ಯಾವ ದೊಡ್ಡ ಸೇವೆಯೂ ಒಂದೇ ಗಣಕವನ್ನು ನೆಚ್ಚಿಕೊಂಡಿರುವುದಿಲ್ಲ. ಹಾಗಿದ್ದರೂ ಅಂತಹ ಸೇವೆಗಳು ಇಡಿಯಾಗಿ ನಿಂತುಹೋಗುವುದೇಕೆ? ಈ ಪ್ರಶ್ನೆಗೆ ನಮ್ಮ ತರಗತಿಗಳಲ್ಲಿ ಕೊಡುವ ಉತ್ತರ ಅರೆಬರೆಯಾಗಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ದೊಡ್ಡ ಕೆಲಸವೊಂದನ್ನು ಸಣ್ಣ ಸಣ್ಣ ಸೇವೆಗಳಾಗಿ ಒಡೆದು, ಆ ಸೇವೆಗಳನ್ನು ಬೇರೆ ಬೇರೆ ಗಣಕಗಳಲ್ಲಿ ನಡೆಸುವ ಏರ್ಪಾಡಿಗೆ ಸೇವಾಧಾರಿತ ವಿತರಿತ ವ್ಯವಸ್ಥೆ ಎನ್ನುತ್ತಾರೆ. ಗ್ರಾಹಕನ ಗುರುತನ್ನು ಪರಿಶೀಲಿಸುವುದು ಒಂದು ಸೇವೆ, ಖಾತೆಯ ಲೆಕ್ಕ ನೋಡುವುದು ಇನ್ನೊಂದು, ರಸೀದಿ ಕೊಡುವುದು ಮತ್ತೊಂದು. ಇವು ಜಾಲದ ಮೂಲಕ ಸಂದೇಶಗಳನ್ನು ಕಳಿಸಿಕೊಂಡು ಒಟ್ಟಾಗಿ ಕೆಲಸ ಮಾಡುತ್ತವೆ. ಒಂದೊಂದು ಸೇವೆಯನ್ನೂ ಹಲವು ಗಣಕಗಳು ಏಕಕಾಲದಲ್ಲಿ ನಡೆಸುತ್ತಿರುತ್ತವೆ. ಅಂತಹ ಪ್ರತಿಯೊಂದು ಗಣಕವೂ ಒಂದು ನೋಡ್. ತಂತ್ರಾಂಶದ ಯಾವ ಆವೃತ್ತಿಯನ್ನು ಓಡಿಸಬೇಕು, ಯಾವ ವಿಳಾಸದ ಜೊತೆ ಮಾತನಾಡಬೇಕು, ಒಬ್ಬ ಬಳಕೆದಾರನಿಗೆ ಎಷ್ಟು ಮಿತಿ, ಯಾವ ಹೊಸ ಸೌಲಭ್ಯ ಚಾಲೂ ಇರಬೇಕು – ಇಂತಹ ಸೂಚನೆಗಳನ್ನು ನೋಡ್‌ಗೆ ಹೊರಗಿನಿಂದ ಕೊಡಲಾಗುತ್ತದೆ. ಈ ಸೂಚನೆಗಳ ಮೊತ್ತವೇ ಕಾನ್ಫಿಗರೇಷನ್ ಅಥವಾ ಸಂರಚನೆ. ಅದನ್ನು ಎಲ್ಲ ನೋಡ್‌ಗಳಿಗೂ ತಲುಪಿಸಿ, ಬದಲಿಸಿ, ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದೇ ನೋಡ್ ನಿರ್ವಹಣೆ.

ಒಂದು ಗುಣಾಕಾರ ಮತ್ತು ಅದರ ಷರತ್ತು

ನಾವು ಕಲಿಸುವ ಲೆಕ್ಕ ಹೀಗಿದೆ: ಒಂದು ನೋಡ್ ಯಾವುದೋ ಒಂದು ಕ್ಷಣದಲ್ಲಿ ಕೆಟ್ಟಿರುವ ಸಂಭವನೀಯತೆ 0.01 ಎಂದುಕೊಳ್ಳಿ. ಒಂದೇ ಕೆಲಸಕ್ಕೆ ಮೂರು ನೋಡ್‌ಗಳಿದ್ದರೆ ಮೂರೂ ಒಟ್ಟಿಗೆ ಕೆಟ್ಟಿರುವ ಸಂಭವನೀಯತೆ 0.01 × 0.01 × 0.01, ಎಂದರೆ 0.000001. ನೂರಕ್ಕೆ ಒಂದು ಇದ್ದದ್ದು ಹತ್ತು ಲಕ್ಷಕ್ಕೆ ಒಂದಾಯಿತು. ಇನ್ನೂ ಒಂದು ನೋಡ್ ಸೇರಿಸಿದರೆ ಹತ್ತು ಕೋಟಿಗೆ ಒಂದು. ಲೆಕ್ಕ ಎಷ್ಟು ಸರಳವಾಗಿದೆಯೆಂದರೆ, ಅದರ ಷರತ್ತನ್ನು ಹೇಳಲು ನಾವು ಮರೆತುಬಿಡುತ್ತೇವೆ. ಘಟನೆಗಳು ಪರಸ್ಪರ ಸ್ವತಂತ್ರವಾಗಿದ್ದರೆ ಮಾತ್ರ ಸಂಭವನೀಯತೆಗಳನ್ನು ಹೀಗೆ ಗುಣಿಸಬಹುದು.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಇದೇ ವಿಷಯವನ್ನು ನಾವು ಬೇರೆ ಹೆಸರಿನಲ್ಲಿ ಕಲಿಸುತ್ತೇವೆ. ಸ್ಕ್ರೂಗೇಜ್‌ನಿಂದ ತಂತಿಯ ದಪ್ಪವನ್ನು ಹತ್ತು ಬಾರಿ ಅಳೆದು ಸರಾಸರಿ ತೆಗೆಯಿರಿ ಎನ್ನುತ್ತೇವೆ. ಪ್ರತಿ ಅಳತೆಯಲ್ಲೂ ಕೈ, ಕಣ್ಣುಗಳಿಂದ ಬರುವ ಸಣ್ಣ ಏರುಪೇರು ಯಾದೃಚ್ಛಿಕ ದೋಷ. ಅಳತೆಗಳ ಸಂಖ್ಯೆ ಹೆಚ್ಚಿದಂತೆ ಸರಾಸರಿಯಲ್ಲಿ ಅದು ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಕಡಿಮೆಯಾಗುತ್ತದೆ. ಆದರೆ ಸ್ಕ್ರೂಗೇಜ್‌ನಲ್ಲೇ ಶೂನ್ಯ ದೋಷವಿದ್ದರೆ ಹತ್ತಲ್ಲ, ಸಾವಿರ ಬಾರಿ ಅಳೆದರೂ ಅದು ಹೋಗುವುದಿಲ್ಲ. ಅದು ವ್ಯವಸ್ಥಿತ ದೋಷ. ಎಲ್ಲ ಅಳತೆಗಳಿಗೂ ಅದು ಒಂದೇ ದಿಕ್ಕಿನಲ್ಲಿ ಅಂಟಿಕೊಂಡಿರುತ್ತದೆ.

ವಿತರಿತ ವ್ಯವಸ್ಥೆಯಲ್ಲಿ ಹಾರ್ಡ್ ಡಿಸ್ಕ್ ಕೆಡುವುದು, ವಿದ್ಯುತ್ ಹೋಗುವುದು, ಒಂದು ಕೇಬಲ್ ತುಂಡಾಗುವುದು ಹೆಚ್ಚುಕಡಿಮೆ ಯಾದೃಚ್ಛಿಕ ದೋಷಗಳು. ನೋಡ್‌ಗಳ ಸಂಖ್ಯೆ ಇವುಗಳಿಂದ ನಮ್ಮನ್ನು ಕಾಪಾಡುತ್ತದೆ. ಸಂರಚನೆಯ ದೋಷ ಹಾಗಲ್ಲ. ಅದು ಒಂದೇ ಮೂಲದಿಂದ ಹೊರಟು ಎಲ್ಲ ನೋಡ್‌ಗಳನ್ನೂ ತಲುಪುತ್ತದೆ. ಅದು ಸ್ಕ್ರೂಗೇಜ್‌ನ ಶೂನ್ಯ ದೋಷಕ್ಕೆ ಸಮ.

ಪರಮಾಣು ಸ್ಥಾವರಗಳ ಸುರಕ್ಷತೆಯನ್ನು ಅಧ್ಯಯನ ಮಾಡುವವರು 1970ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಒಟ್ಟು ವೈಫಲ್ಯಗಳಲ್ಲಿ ಒಂದು ಭಾಗ ಎಲ್ಲ ಘಟಕಗಳಿಗೂ ಸಮಾನವಾದ ಕಾರಣದಿಂದ ಬರುತ್ತದೆ ಎಂದು ಭಾವಿಸಿ, ಆ ಭಾಗವನ್ನು ಬೀಟಾ ಎಂದು ಕರೆದರು. ನಮ್ಮ ಉದಾಹರಣೆಯಲ್ಲಿ ಬೀಟಾ 0.1 ಎಂದಿಟ್ಟುಕೊಳ್ಳಿ. ಆಗ 0.01ರಲ್ಲಿ 0.001 ಸಮಾನ ಕಾರಣದ ಪಾಲು, 0.009 ಸ್ವತಂತ್ರ ಪಾಲು. ಮೂರೂ ನೋಡ್‌ಗಳು ಕೆಡುವ ಸಂಭವನೀಯತೆ ಸುಮಾರು 0.001 ಮತ್ತು 0.009ರ ಘನ ಇವೆರಡರ ಮೊತ್ತ, ಎಂದರೆ 0.0010007. ಹತ್ತು ಲಕ್ಷಕ್ಕೆ ಒಂದು ಎಂದುಕೊಂಡದ್ದು ಸಾವಿರಕ್ಕೆ ಒಂದಾಯಿತು. ಮೂರರ ಬದಲು ಮೂವತ್ತು ನೋಡ್‌ಗಳನ್ನು ಇಟ್ಟರೂ ಈ ಅಂಕಿ 0.001ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಣ ಖರ್ಚಾಗುತ್ತದೆ, ಭದ್ರತೆ ಬೆಳೆಯುವುದಿಲ್ಲ.

ಇದು ಕೇವಲ ಕಾಗದದ ಮೇಲಿನ ಲೆಕ್ಕವೇ? ದಾಖಲೆಗೆ ಬಂದಿರುವ ಮೂರು ಪ್ರಕರಣಗಳನ್ನು ನೋಡೋಣ.

ಎಂಟರಲ್ಲಿ ಒಂದು

ನೈಟ್ ಕ್ಯಾಪಿಟಲ್ ಅಮೆರಿಕದ ಒಂದು ಷೇರು ವಹಿವಾಟು ಸಂಸ್ಥೆಯಾಗಿತ್ತು. ಗ್ರಾಹಕರ ಆದೇಶಗಳನ್ನು ಸಣ್ಣ ಆದೇಶಗಳಾಗಿ ಒಡೆದು ಮಾರುಕಟ್ಟೆಗೆ ಕಳಿಸುವ ಕೆಲಸವನ್ನು ಅದರ ಎಂಟು ಸರ್ವರ್‌ಗಳು ಮಾಡುತ್ತಿದ್ದವು. 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಷೇರುಪೇಟೆಯಲ್ಲಿ ಆರಂಭವಾಗಲಿದ್ದ ಹೊಸ ಯೋಜನೆಗಾಗಿ ಸಂಸ್ಥೆ ಹೊಸ ತಂತ್ರಾಂಶ ಬರೆಯಿತು. ಅದನ್ನು ಏಳು ಸರ್ವರ್‌ಗಳಿಗೆ ಹಾಕಲಾಯಿತು; ಎಂಟನೆಯದಕ್ಕೆ ಹಾಕುವುದು ಬಿಟ್ಟುಹೋಯಿತು. ಹೊಸ ಸೌಲಭ್ಯವನ್ನು ಚಾಲೂ ಮಾಡಲು ಆದೇಶದೊಳಗಿನ ಒಂದು ಸೂಚಕವನ್ನು ಬಳಸಲಾಗಿತ್ತು. ಆ ಸೂಚಕ ಹೊಸದಲ್ಲ. 2003ರಿಂದ ಬಳಕೆಯಲ್ಲಿಲ್ಲದ, ಆದರೆ ಸರ್ವರ್‌ಗಳಲ್ಲಿ ಹಾಗೆಯೇ ಉಳಿದಿದ್ದ ಹಳೆಯ ತಂತ್ರಾಂಶ ಭಾಗವೊಂದನ್ನು ಎಬ್ಬಿಸುತ್ತಿದ್ದ ಸೂಚಕವೇ ಅದು.

ಮಾರುಕಟ್ಟೆ ತೆರೆದೊಡನೆ ಏಳು ಸರ್ವರ್‌ಗಳು ಸೂಚಕವನ್ನು ಹೊಸ ಅರ್ಥದಲ್ಲಿ ಓದಿದವು, ಎಂಟನೆಯದು ಹಳೆಯ ಅರ್ಥದಲ್ಲಿ. ಆ ಹಳೆಯ ಭಾಗಕ್ಕೆ 'ಸಾಕು' ಎಂದು ಹೇಳಬೇಕಿದ್ದ ಎಣಿಕೆಯನ್ನು 2005ರಲ್ಲಿ ಬೇರೆ ಕಡೆಗೆ ಸರಿಸಲಾಗಿತ್ತು. ಆದ್ದರಿಂದ ಅದು ನಿಲ್ಲದೆ ಆದೇಶಗಳನ್ನು ಕಳಿಸುತ್ತಲೇ ಹೋಯಿತು. ಸುಮಾರು 45 ನಿಮಿಷಗಳಲ್ಲಿ 154 ಕಂಪನಿಗಳ 39.7 ಕೋಟಿಗೂ ಹೆಚ್ಚು ಷೇರುಗಳು ಕೈಬದಲಾದವು. ಸಂಸ್ಥೆಗೆ ಆದ ನಷ್ಟ 46 ಕೋಟಿ ಡಾಲರ್‌ಗೂ ಮೇಲೆ.

ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 2013ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶ ಈ ಘಟನೆಯನ್ನು ವಿವರವಾಗಿ ದಾಖಲಿಸಿದೆ. ಎಂಟನೆಯ ಸರ್ವರನ್ನು ಎರಡನೆಯ ತಂತ್ರಜ್ಞರೊಬ್ಬರು ಪರಿಶೀಲಿಸಲಿಲ್ಲ, ಹಾಗೆ ಪರಿಶೀಲಿಸಬೇಕೆಂಬ ಲಿಖಿತ ನಿಯಮವೂ ಇರಲಿಲ್ಲ ಎಂದು ಅದು ಹೇಳುತ್ತದೆ. ಈ ಮಾತು ನಿಜ. ಆದರೆ ದೋಷದ ಬೇರು ಅಲ್ಲಿಲ್ಲ ಎಂಬುದನ್ನು ಅದೇ ಆದೇಶದ ಇನ್ನೊಂದು ವಿವರ ತೋರಿಸುತ್ತದೆ. ತೊಂದರೆ ಕಂಡೊಡನೆ ಸಿಬ್ಬಂದಿ ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ತಂತ್ರಾಂಶವನ್ನು ತೆಗೆದುಹಾಕಿದರು. ಸೂಚಕ ಮಾತ್ರ ಬರುತ್ತಲೇ ಇತ್ತು. ಈಗ ಎಂಟೂ ಸರ್ವರ್‌ಗಳು ಅದನ್ನು ಹಳೆಯ ಅರ್ಥದಲ್ಲಿ ಓದತೊಡಗಿದವು; ತೊಂದರೆ ಹೆಚ್ಚಾಯಿತು.

ಎಂದರೆ ಮುಖ್ಯ ದೋಷ ಒಬ್ಬರ ಮರೆವಲ್ಲ. ಒಂದೇ ಚಿಹ್ನೆಗೆ ಎರಡು ಅರ್ಥ ಕೊಟ್ಟು, ಯಾವ ಅರ್ಥ ಎಂಬುದನ್ನು ಓದುವ ನೋಡ್‌ನ ಆವೃತ್ತಿಗೆ ಬಿಟ್ಟದ್ದು ಮುಖ್ಯ ದೋಷ. ಮಾನಗಳ ವಿಷಯದಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳುವ ಎಚ್ಚರಿಕೆಯೇ ಇದು. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕಳೆದುಹೋದದ್ದು, ಒಂದು ತಂತ್ರಾಂಶ ಪೌಂಡ್-ಬಲ ಸೆಕೆಂಡಿನಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಸೆಕೆಂಡ್ ಎಂದು ಓದಿದ್ದರಿಂದ. ಅಂಕಿಯ ಜೊತೆ ಮಾನ ಇರಬೇಕಾದಂತೆ ಸಂದೇಶದ ಜೊತೆ ಆವೃತ್ತಿಯೂ ಇರಬೇಕು. ತನಗೆ ಅರ್ಥವಾಗದ ಆವೃತ್ತಿ ಬಂದಾಗ ನೋಡ್ ಊಹಿಸಬಾರದು, ನಿರಾಕರಿಸಬೇಕು.

ಇಲ್ಲೊಂದು ಸಣ್ಣ ಎಣಿಕೆ ಮಾಡಿ. ಎಂಟು ಸರ್ವರ್‌ಗಳಲ್ಲಿ ಪ್ರತಿಯೊಂದೂ ಹಳೆಯ ಅಥವಾ ಹೊಸ ಆವೃತ್ತಿಯಲ್ಲಿ ಇರಬಹುದಾದರೆ ಒಟ್ಟು ಸ್ಥಿತಿಗಳು 2ರ ಎಂಟನೆಯ ಘಾತ, ಎಂದರೆ 256. ಎಲ್ಲವೂ ಹಳೆಯದು, ಎಲ್ಲವೂ ಹೊಸದು ಎಂಬ ಎರಡು ಸ್ಥಿತಿಗಳನ್ನು ನಾವು ಪರೀಕ್ಷಿಸುತ್ತೇವೆ. ಉಳಿದ 254 ಮಿಶ್ರ ಸ್ಥಿತಿಗಳು. ಬದಲಾವಣೆಯ ಹೊತ್ತಿನಲ್ಲಿ ವ್ಯವಸ್ಥೆ ಹಾದುಹೋಗುವುದು ಇವುಗಳ ಮೂಲಕವೇ.

ಎಲ್ಲ ಕಡೆಗೂ ಒಮ್ಮೆಗೆ

ಹಾಗಾದರೆ ಮನುಷ್ಯರ ಕೈಯಿಂದ ಈ ಕೆಲಸವನ್ನು ತೆಗೆದು ಯಂತ್ರಕ್ಕೆ ಒಪ್ಪಿಸೋಣ, ಎಲ್ಲ ನೋಡ್‌ಗಳಿಗೂ ಒಂದೇ ಸಂರಚನೆ ಏಕಕಾಲದಲ್ಲಿ ತಲುಪಲಿ, ಮಿಶ್ರ ಸ್ಥಿತಿಯೇ ಬೇಡ ಎಂದು ನೀವು ಹೇಳಬಹುದು. ಸಾಮಾನ್ಯವಾಗಿ ಸೂಚಿಸುವ ಪರಿಹಾರವೂ ಇದೇ. ಎರಡನೆಯ ಪ್ರಕರಣ ಇದಕ್ಕೆ ಉತ್ತರ.

ಗೂಗಲ್ ಸಂಸ್ಥೆಯ ಕ್ಲೌಡ್ ವ್ಯವಸ್ಥೆಯಲ್ಲಿ 'ಸರ್ವಿಸ್ ಕಂಟ್ರೋಲ್' ಎಂಬ ಸೇವೆಯಿದೆ. ಬಂದ ಕೋರಿಕೆಗೆ ಅನುಮತಿ ಇದೆಯೇ, ಮಿತಿಯೊಳಗಿದೆಯೇ ಎಂದು ನೋಡುವುದು ಅದರ ಕೆಲಸ. ಅದು ಪ್ರದೇಶವಾರು ಸೇವೆ. ಒಂದೊಂದು ಪ್ರದೇಶಕ್ಕೂ ತನ್ನದೇ ನೋಡ್‌ಗಳು, ತನ್ನದೇ ದತ್ತಸಂಚಯ. 2025ರ ಮೇ 29ರಂದು ಮಿತಿಗಳ ಹೆಚ್ಚುವರಿ ಪರಿಶೀಲನೆಗಾಗಿ ಅದಕ್ಕೆ ಹೊಸ ತಂತ್ರಾಂಶ ಸೇರಿಸಲಾಯಿತು. ಈ ತಂತ್ರಾಂಶವನ್ನು ಶಿಸ್ತಿನಿಂದ, ಒಂದೊಂದೇ ಪ್ರದೇಶಕ್ಕೆ ಹಂತಹಂತವಾಗಿ ಹರಡಿದರು. ಎಲ್ಲಿಯೂ ತೊಂದರೆ ಕಾಣಲಿಲ್ಲ. ಏಕೆಂದರೆ ಅದರಲ್ಲಿನ ದೋಷ ಹೊರಬೀಳಲು ಒಂದು ನಿರ್ದಿಷ್ಟ ಬಗೆಯ ದತ್ತಾಂಶ ಬರಬೇಕಿತ್ತು.

ಅದು ಜೂನ್ 12ರಂದು ಬಂತು. ಖಾಲಿ ಅಂಕಣಗಳಿದ್ದ ಒಂದು ನೀತಿ ಬದಲಾವಣೆ ದತ್ತಸಂಚಯಕ್ಕೆ ಸೇರಿತು. ಅದು ಕೆಲವೇ ಸೆಕೆಂಡುಗಳಲ್ಲಿ ಜಗತ್ತಿನ ಎಲ್ಲ ಪ್ರದೇಶಗಳ ದತ್ತಸಂಚಯಗಳಿಗೂ ನಕಲಾಯಿತು. ಖಾಲಿ ಅಂಕಣವನ್ನು ಓದಲು ಹೋದ ಪ್ರತಿ ನೋಡ್ ಕುಸಿಯಿತು, ಮತ್ತೆ ಆರಂಭವಾಯಿತು, ಮತ್ತೆ ಕುಸಿಯಿತು. ಹತ್ತು ನಿಮಿಷಗಳೊಳಗೆ ಇಂಜಿನಿಯರುಗಳು ಕಾರಣ ಕಂಡುಹಿಡಿದರು. ಸುಮಾರು 40 ನಿಮಿಷಗಳಲ್ಲಿ ಆ ಪರಿಶೀಲನೆಯನ್ನು ಆಫ್ ಮಾಡುವ ಸ್ವಿಚ್ ಎಲ್ಲೆಡೆ ತಲುಪಿತು. ಆದರೂ ಒಂದು ದೊಡ್ಡ ಪ್ರದೇಶ ಪೂರ್ತಿ ಚೇತರಿಸಿಕೊಳ್ಳಲು ಸುಮಾರು 2 ಗಂಟೆ 40 ನಿಮಿಷ ಹಿಡಿಯಿತು. ಅಲ್ಲಿ ನೋಡ್‌ಗಳೆಲ್ಲ ಒಟ್ಟಿಗೆ ಎದ್ದು, ಒಟ್ಟಿಗೆ ದತ್ತಸಂಚಯದ ಮೇಲೆ ಮುಗಿಬಿದ್ದದ್ದೇ ಕಾರಣ. ಒಂದೊಂದು ನೋಡ್ ಒಂದೊಂದು ಅವಧಿ ಕಾದು ಮತ್ತೆ ಪ್ರಯತ್ನಿಸುವ ಏರ್ಪಾಡು ಅಲ್ಲಿರಲಿಲ್ಲ.

ಸಂಸ್ಥೆ ಪ್ರಕಟಿಸಿದ ವರದಿ ಪ್ರಾಮಾಣಿಕವಾಗಿದೆ ಎಂಬುದನ್ನು ಒಪ್ಪಬೇಕು. ಅದನ್ನು ಓದುವಾಗ ನೀವು ಗಮನಿಸಬೇಕಾದ ಅಂಶವೊಂದಿದೆ. ಅಲ್ಲಿ ತಂತ್ರಾಂಶವನ್ನು ಅಪಾಯಕಾರಿ ವಸ್ತುವಿನಂತೆ ನಿಧಾನವಾಗಿ ಸಾಗಿಸಿದ್ದಾರೆ. ಸಂರಚನೆಯನ್ನು ಬರಿಯ ದತ್ತಾಂಶ ಎಂದು ಬಗೆದು ಸೆಕೆಂಡುಗಳಲ್ಲಿ ಕಳಿಸಿದ್ದಾರೆ. ನೋಡ್‌ನ ವರ್ತನೆಯನ್ನು ಬದಲಿಸುವುದರಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಪ್ರದೇಶಗಳು ಬೇರೆ ಬೇರೆ, ಕಟ್ಟಡಗಳು ಬೇರೆ ಬೇರೆ; ಆದರೆ ಒಂದು ಸಾಲಿನ ದತ್ತಾಂಶ ಅವೆಲ್ಲವನ್ನೂ ಒಂದೇ ಗಣಕವನ್ನಾಗಿ ಮಾಡಿತು.

ನಿರ್ವಾಹಕನ ನಿರ್ವಹಣೆ

ಮೂರನೆಯದು ಅಮೆಜಾನ್ ಸಂಸ್ಥೆಯ ಕ್ಲೌಡ್ ವ್ಯವಸ್ಥೆಯಲ್ಲಿ ನಡೆದದ್ದು. 2025ರ ಅಕ್ಟೋಬರ್ 20ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 12.18ರ ಹೊತ್ತಿಗೆ, ಅಮೆರಿಕದ ಉತ್ತರ ವರ್ಜೀನಿಯಾ ಪ್ರದೇಶದಲ್ಲಿ 'ಡೈನಮೋಡಿಬಿ' ಎಂಬ ದತ್ತಸಂಚಯ ಸೇವೆ ಯಾರಿಗೂ ಸಿಗದಂತಾಯಿತು. ಆ ಸೇವೆಯ ನೋಡ್‌ಗಳು ಕೆಟ್ಟಿರಲಿಲ್ಲ. ಅವುಗಳ ವಿಳಾಸ ಮಾತ್ರ ಕಾಣೆಯಾಗಿತ್ತು.

ಸೇವೆಯ ಹೆಸರಿಗೆ ಎದುರಾಗಿ ಯಾವ ನೋಡ್‌ಗಳ ವಿಳಾಸ ಇರಬೇಕು ಎಂಬ ಯೋಜನೆಯನ್ನು ಒಂದು ತಂತ್ರಾಂಶ ಆಗಾಗ ಸಿದ್ಧಪಡಿಸುತ್ತಿತ್ತು. ಅದನ್ನು ಜಾರಿಗೆ ತರಲು ಮೂರು ಜಾರಿಕಾರ ತಂತ್ರಾಂಶಗಳು ಮೂರು ಕಡೆ ಸ್ವತಂತ್ರವಾಗಿ ಓಡುತ್ತಿದ್ದವು; ಒಂದು ಕೆಟ್ಟರೆ ಇನ್ನೊಂದಿರಲಿ ಎಂಬ ಮುನ್ನೆಚ್ಚರಿಕೆ. ಆ ದಿನ ಒಂದು ಜಾರಿಕಾರ ತೀರ ನಿಧಾನವಾಯಿತು. 'ನನ್ನ ಬಳಿಯಿರುವ ಯೋಜನೆ ಈಗಿರುವುದಕ್ಕಿಂತ ಹೊಸದು' ಎಂಬುದನ್ನು ಅದು ಆರಂಭದಲ್ಲಿ ಒಮ್ಮೆ ನೋಡಿಕೊಂಡಿತ್ತು. ಅದು ತನ್ನ ಕೆಲಸ ಮುಗಿಸುವಷ್ಟರಲ್ಲಿ ಇನ್ನೊಂದು ಜಾರಿಕಾರ ಬಹಳ ಹೊಸದಾದ ಯೋಜನೆಯನ್ನು ಜಾರಿ ಮಾಡಿತ್ತು. ನಿಧಾನದ್ದು ಅದರ ಮೇಲೆ ತನ್ನ ಹಳೆಯ ಯೋಜನೆಯನ್ನು ಬರೆಯಿತು. ಹೊಸದನ್ನು ಜಾರಿ ಮಾಡಿದ್ದ ಜಾರಿಕಾರ ಅದೇ ಹೊತ್ತಿಗೆ ಹಳೆಯ ಯೋಜನೆಗಳನ್ನು ಗುಡಿಸಿಹಾಕುವ ಕೆಲಸಕ್ಕೆ ಕೈಹಾಕಿ, ಆಗಷ್ಟೇ ಜಾರಿಯಾಗಿದ್ದ ಆ ಹಳೆಯ ಯೋಜನೆಯನ್ನು ಅಳಿಸಿತು. ಹೆಸರಿನ ಎದುರು ಒಂದು ವಿಳಾಸವೂ ಉಳಿಯಲಿಲ್ಲ. ಬಳಿಕ ಯಾವ ಜಾರಿಕಾರಕ್ಕೂ ಅದನ್ನು ಸರಿಪಡಿಸಲು ಆಗದೆ ಮನುಷ್ಯರೇ ಕೈಹಾಕಬೇಕಾಯಿತು. ವಿಳಾಸ ಸರಿಯಾಗಲು ಎರಡೂವರೆ ಗಂಟೆಗೂ ಹೆಚ್ಚು ಕಾಲ ಬೇಕಾಯಿತು. ಆ ಸೇವೆಯನ್ನು ನೆಚ್ಚಿಕೊಂಡಿದ್ದ ಇತರ ಸೇವೆಗಳು ಪೂರ್ತಿ ಸುಧಾರಿಸಿಕೊಳ್ಳಲು ಇನ್ನೂ ಅನೇಕ ಗಂಟೆಗಳು ಹಿಡಿದವು.

ಇಲ್ಲಿ ಜಾರಿಕಾರಗಳನ್ನು ಮೂರು ಮಾಡಿದ್ದು ಭದ್ರತೆಗಾಗಿ. ಆದರೆ ಮೂರೂ ಬರೆಯುತ್ತಿದ್ದುದು ಒಂದೇ ದಾಖಲೆಯ ಮೇಲೆ. ಅವು ಸ್ವತಂತ್ರವಾಗಿ ಕೆಡಬಲ್ಲವು ಎಂಬ ಲೆಕ್ಕ ಸರಿಯಾಗಿತ್ತು. ಅವು ಒಂದರ ಕೆಲಸವನ್ನು ಇನ್ನೊಂದು ಕೆಡಿಸಬಲ್ಲವು ಎಂಬ ಲೆಕ್ಕ ಬಿಟ್ಟುಹೋಗಿತ್ತು. ನೋಡ್‌ಗಳನ್ನು ನಿರ್ವಹಿಸುವ ತಂತ್ರಾಂಶವೂ ಒಂದು ವಿತರಿತ ವ್ಯವಸ್ಥೆಯೇ ಎಂಬುದನ್ನು ಮರೆಯಬಾರದು.

ವೇಗವೋ, ನಿಧಾನವೋ?

ಮೂರನ್ನೂ ಒಟ್ಟಿಗೆ ನೋಡಿದಾಗ ಒಂದು ಇಕ್ಕಟ್ಟು ಎದ್ದು ಕಾಣುತ್ತದೆ. ಬದಲಾವಣೆಯನ್ನು ನಿಧಾನವಾಗಿ ಹರಡಿದರೆ ಮಿಶ್ರ ಸ್ಥಿತಿ ಹೆಚ್ಚು ಹೊತ್ತು ಇರುತ್ತದೆ. ನೈಟ್ ಕ್ಯಾಪಿಟಲ್ ಬಿದ್ದದ್ದು ಈ ಹಳ್ಳಕ್ಕೆ. ವೇಗವಾಗಿ ಹರಡಿದರೆ ತಪ್ಪೂ ಅಷ್ಟೇ ವೇಗವಾಗಿ ಹರಡುತ್ತದೆ; ಗೂಗಲ್ ಬಿದ್ದದ್ದು ಈ ಹಳ್ಳಕ್ಕೆ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ನಿಧಾನವೇ ಮೇಲು ಎನ್ನುತ್ತೇನೆ. ಮಿಶ್ರ ಸ್ಥಿತಿಯನ್ನು ಸುರಕ್ಷಿತಗೊಳಿಸಲು ದಾರಿಗಳಿವೆ: ಸಂದೇಶದ ಜೊತೆ ಆವೃತ್ತಿ, ಹಳೆಯ ಚಿಹ್ನೆಗೆ ಹೊಸ ಅರ್ಥ ಕೊಡದಿರುವ ಶಿಸ್ತು, ತಪ್ಪು ಸಂರಚನೆ ಬಂದರೆ ಹಿಂದಿನ ಸರಿಯಾದುದನ್ನೇ ಹಿಡಿದಿಟ್ಟುಕೊಳ್ಳುವ ನೋಡ್, ತಾನು ಯಾವ ಸಂರಚನೆಯಲ್ಲಿ ಇದ್ದೇನೆ ಎಂದು ಕೇಳಿದಾಗ ಹೇಳುವ ನೋಡ್. ಕ್ಷಣಾರ್ಧದಲ್ಲಿ ಎಲ್ಲೆಡೆ ಹರಡಿದ ತಪ್ಪಿಗೆ ಅಂತಹ ದಾರಿಗಳು ಕಡಿಮೆ. ಭದ್ರತಾ ಲೋಪವನ್ನು ಮುಚ್ಚುವಂತಹ ತುರ್ತು ಬದಲಾವಣೆಗಳು ಇದಕ್ಕೆ ಅಪವಾದ, ನಿಜ. ಆದರೆ ಅಪವಾದವನ್ನೇ ನಿತ್ಯದ ಪದ್ಧತಿ ಮಾಡಿಕೊಳ್ಳಬಾರದು.

ಇನ್ನೊಂದು ಪ್ರಶ್ನೆ ತಂತ್ರಜ್ಞಾನವನ್ನೂ ಮೀರಿದ್ದು. ಪರಿಶೀಲಿಸುವ ಸೇವೆಯೇ ನಿಂತುಹೋದಾಗ ಬಂದ ಕೋರಿಕೆಗಳನ್ನು ಏನು ಮಾಡಬೇಕು? ಇನ್ನು ಮುಂದೆ ಅಂತಹ ಸಂದರ್ಭದಲ್ಲಿ ಕೋರಿಕೆಗಳನ್ನು ಒಳಗೆ ಬಿಡುವಂತೆ ಮಾಡುತ್ತೇವೆ ಎಂದು ಗೂಗಲ್ ವರದಿ ಹೇಳಿದೆ. ಬಳಕೆಯ ಮಿತಿಯನ್ನು ನೋಡುವ ಸೇವೆಗೆ ಇದು ಸರಿಹೊಂದಬಹುದು. ಬ್ಯಾಂಕಿನ ಖಾತೆದಾರರ ಗುರುತಿನ ವಿಷಯದಲ್ಲಿ ಹಾಗೆ ಬಾಗಿಲು ತೆರೆದಿಡಲಾಗದು. ಪಡಿತರ ಅಂಗಡಿಯಲ್ಲಿ ಬಾಗಿಲು ಮುಚ್ಚಿಟ್ಟರೆ ಆ ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಂತವರು ಬರಿಗೈಯಲ್ಲಿ ಮನೆಗೆ ಹೋಗಬೇಕಾಗುತ್ತದೆ. ಯಾವ ಸೇವೆಗೆ ಯಾವ ನಿಲುವು ಎಂಬುದು ಸಂರಚನೆಯ ಕಡತದಲ್ಲಿ ಒಂದು ಸಾಲು ಮಾತ್ರ. ಅದರ ಪರಿಣಾಮವನ್ನು ಅನುಭವಿಸುವವರು ಆ ಕಡತವನ್ನು ಎಂದೂ ನೋಡಿರುವುದಿಲ್ಲ. ಆದ್ದರಿಂದ ಆ ಸಾಲನ್ನು ಯಾರು, ಯಾವ ಆಧಾರದ ಮೇಲೆ ಬರೆದರು ಎಂದು ಕೇಳುವ ಹಕ್ಕು ನಾಗರಿಕರಿಗೆ ಇರಬೇಕು. 'ಸರ್ವರ್ ಡೌನ್' ಎಂಬ ಮಾತು ಆ ಪ್ರಶ್ನೆಯನ್ನೇ ಮುಚ್ಚಿಬಿಡುತ್ತದೆ.

ತರಗತಿಯಲ್ಲಿ

ಅಧ್ಯಾಪಕರು ಇದನ್ನು ಗಣಕವಿಲ್ಲದೆಯೂ ತೋರಿಸಬಹುದು. ಎಂಟು ವಿದ್ಯಾರ್ಥಿಗಳನ್ನು ನಿಲ್ಲಿಸಿ, ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ: 'ನಾನು ಕೆಂಪು ಎಂದರೆ ಎರಡು ಹೆಜ್ಜೆ ಮುಂದೆ ಬನ್ನಿ.' ಆಟ ನಡೆಯುತ್ತಿರುವಾಗಲೇ ಒಬ್ಬೊಬ್ಬರಿಗೆ ಹೊಸ ಚೀಟಿ ಹಂಚಿ: 'ಕೆಂಪು ಎಂದರೆ ಒಂದು ಹೆಜ್ಜೆ ಹಿಂದೆ ಹೋಗಿ.' ನಡುನಡುವೆ 'ಕೆಂಪು' ಎನ್ನುತ್ತಿರಿ. ಸಾಲು ಹೇಗೆ ಚದುರುತ್ತದೆ ಎಂಬುದನ್ನು ಉಳಿದವರು ಬರೆದುಕೊಳ್ಳಲಿ. ಅನಂತರ ಅದೇ ಆಟವನ್ನು 'ಕೆಂಪು ಒಂದು', 'ಕೆಂಪು ಎರಡು' ಎಂಬ ಬೇರೆ ಬೇರೆ ಸೂಚನೆಗಳೊಂದಿಗೆ, ಗೊತ್ತಿಲ್ಲದ ಸೂಚನೆ ಬಂದರೆ ಅಲ್ಲಾಡಬಾರದು ಎಂಬ ನಿಯಮದೊಂದಿಗೆ ಆಡಿಸಿ. ಎರಡು ದಾಖಲೆಗಳ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ವಿವರಿಸಲಿ.

ಪರೀಕ್ಷೆಯಲ್ಲಿ ಮೂರು ನೋಡ್‌ಗಳ ವಿಶ್ವಾಸಾರ್ಹತೆಯ ಲೆಕ್ಕವನ್ನು ಕೊಡುವಾಗ ಇನ್ನೊಂದು ಉಪಪ್ರಶ್ನೆಯನ್ನೂ ಸೇರಿಸಿ ಎಂದು ನಿಮ್ಮಲ್ಲಿ ನನ್ನ ವಿನಂತಿ: 'ಈ ಉತ್ತರ ಸರಿಯಾಗಬೇಕಾದರೆ ನೋಡ್‌ಗಳ ಬಗ್ಗೆ ನೀವು ಏನನ್ನು ಊಹಿಸಿದ್ದೀರಿ? ಆ ಊಹೆ ಯಾವಾಗ ತಪ್ಪಾಗುತ್ತದೆ?' ಎರಡು ಅಂಕ ಸಾಕು. ಗುಣಾಕಾರ ಮಾಡಲು ಕ್ಯಾಲ್ಕುಲೇಟರ್‌ಗೂ ಬರುತ್ತದೆ. ಗುಣಿಸುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳುವುದನ್ನು ನಾವೇ ಕಲಿಸಬೇಕು.